ಕಾನು ಸೋಸಿದ ನೀರು

ಜೋಗ ನೋಡಿಕೊಂಡು ಮಾವಿನಗುಂಡಿಯಿಂದ ಹೊನ್ನಾವರದ ಕಡೆ ಇಳಿಯುವವರು ಮಳೆಗಾಲದಲ್ಲಿ ಕತ್ತಲೆಕಾನು ಎಂಬ ಕಾಡನ್ನು ಹೆಡ್‌ಲೈಟ್ ಹಾಕಿಕೊಂಡೇ ದಾಟುತ್ತಾರೆ. ಕಾರಿನೊಳಗಿಂದ ಅವರಿಗೆ ಕಾಣುವುದು ತಿರುವುಗಳು ಮಾತ್ರ. ಈ ಕಾಡಿನ ಕಸುಬು ತಿಳಿಯಬೇಕೆಂದರೆ ಆಷಾಢದ ಮಳೆಯಲ್ಲೇ, ಅರಣ್ಯ ಇಲಾಖೆಯ ಅನುಮತಿ ಪಡೆದು, ಊರಿನವರೊಬ್ಬರ ಹಿಂದೆ ನಡೆಯಬೇಕು.

ನನ್ನನ್ನು ಕರೆದೊಯ್ದವರು ಕೆಳಗಿನ ಕಣಿವೆಯಲ್ಲಿ ಅಡಿಕೆ ತೋಟ ಇಟ್ಟುಕೊಂಡಿರುವ ಯಜಮಾನರು. ತಲೆಗೆ ಪ್ಲಾಸ್ಟಿಕ್ ಕೊಪ್ಪೆ, ಕೈಯಲ್ಲಿ ಕತ್ತಿ. ಉಂಬಳಕ್ಕೆಂದು ನನ್ನ ಕಾಲಿಗೆ ಹೊಗೆಸೊಪ್ಪಿನ ನೀರು ಸವರಿ, “ಛತ್ರಿ ಇಲ್ಲೇ ಇಡಿ, ಬಳ್ಳಿಗೆ ಸಿಕ್ಕಿ ಹರಿದುಹೋಗ್ತದೆ” ಎಂದರು. ರಸ್ತೆ ಬದಿಯ ಚರಂಡಿಯಲ್ಲಿ ನೀರು ಕೆಮ್ಮಣ್ಣು ಕಲಸಿಕೊಂಡು ಓಡುತ್ತಿತ್ತು. “ಇದರ ಬಣ್ಣ ನೆನಪಿಟ್ಕೊಳಿ.”

ಇಳಿಜಾರು ಮುಗಿದಲ್ಲಿ ಜಡ್ಡಿ ಸಿಕ್ಕಿತು. ವರ್ಷವಿಡೀ ನೀರು ಜಿನುಗುವ ಜವುಗು ನೆಲ. ಅದರಲ್ಲಿ ರಾಮಪತ್ರೆಯ ಬಳಗದ ಮರಗಳು. ಕೆಲವಕ್ಕೆ ಕಾಂಡದಿಂದ ಇಳಿದು ಮರವನ್ನು ಆನಿಸಿ ನಿಲ್ಲಿಸುವ ಊರೆ ಬೇರುಗಳು. ಇನ್ನು ಕೆಲವು ಮರಗಳ ಬೇರು ಕೆಸರಿನಿಂದ ಮೇಲೆದ್ದು, ಮಡಿಚಿದ ಮೊಣಕಾಲಿನಂತೆ ಬಾಗಿ, ಮತ್ತೆ ಕೆಸರಿಗೇ ಇಳಿಯುತ್ತದೆ. ನೀರು ನಿಂತ ಮಣ್ಣಿನಲ್ಲಿ ಗಾಳಿ ಇರುವುದಿಲ್ಲ. ಬೇರು ಉಸಿರಾಡಲು ಹೊರಗೆ ಬರಲೇಬೇಕು. ಇವುಗಳ ದಪ್ಪ ಬೀಜ ಒಣಗಿದರೆ ಮೊಳೆಯದು. ಅದನ್ನು ನುಂಗಿ ದೂರ ಒಯ್ಯಲು ಮಂಗಟ್ಟೆಯಂಥ ದೊಡ್ಡ ಹಕ್ಕಿಗಳೇ ಬೇಕು, ಬಿದ್ದಲ್ಲಿ ತೇವವೂ ಇರಬೇಕು. ಆದ್ದರಿಂದ ಒಮ್ಮೆ ಹಾಳಾದ ಜಡ್ಡಿ ಸುಲಭಕ್ಕೆ ಮರಳುವುದಿಲ್ಲ. ಮಾವಿನ ಕುಟುಂಬದ, ಗೇರಿನ ಹತ್ತಿರದ ಬಂಧುವಾದ ಒಂದು ಮರವನ್ನು ವಿಜ್ಞಾನಿಗಳು 2000ರಲ್ಲಿ ಇಲ್ಲಿಂದಲೇ ಮೊದಲ ಬಾರಿಗೆ ವರ್ಣಿಸಿ, ‘ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್’ ಎಂದು ಈ ಕಾನಿನ ಹೆಸರನ್ನೇ ಇಟ್ಟರು.

ಜಡ್ಡಿಯಿಂದ ಹೊರಬೀಳುವ ಹಳ್ಳಕ್ಕೆ ಕೈ ಹಾಕಿದೆ. ಅಂಥ ಮಳೆಯಲ್ಲೂ ತಳದ ಎಲೆಗಳ ನರ ಕಾಣುವಷ್ಟು ತಿಳಿ. ಎಲೆಗಳ ಛಾವಣಿ ಹನಿಯ ಹೊಡೆತ ತಗ್ಗಿಸುತ್ತದೆ, ದರಗು ನೀರನ್ನು ಹೀರುತ್ತದೆ, ಬೇರುಗಳ ಜಾಲ ಹರಿವನ್ನು ನಿಧಾನಿಸಿ ಮಣ್ಣನ್ನು ಹಿಡಿಯುತ್ತದೆ.

ಅದೇ ನೀರು ಕೆಳಗಿನ ಕೇರಿಯಲ್ಲಿ ಅಬ್ಬಿಯಾಗಿ ಮನೆಯ ಬಚ್ಚಲಿಗೆ ಬೀಳುತ್ತದೆ. ಹಿಂದೆ ಅಡಿಕೆ ಮರದ ದಂಬೆಯಲ್ಲಿ ಬರುತ್ತಿತ್ತು, ಈಗ ಕರಿ ಪೈಪಿನಲ್ಲಿ. ಪಂಪು, ಕರೆಂಟು ಬೇಕಿಲ್ಲ. “ಆಸ್ರಿಗೆ ಎಂತ ಬೇಕು?” ಎಂದು ಯಜಮಾನರ ಮನೆಯ ಅಮ್ಮ ಕೇಳುವಷ್ಟರಲ್ಲಿ ಕಷಾಯ ಕುದಿಯುತ್ತಿತ್ತು. ಅಂಗಳದಲ್ಲಿ ಮೈಲುತುತ್ತು, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣದ ಡ್ರಮ್ಮು. ಮಳೆ ಒಂದು ಹೊತ್ತು ಹೊಳವಾದರೆ ಸಾಕು, ಕೊಳೆ ರೋಗಕ್ಕೆ ಔಷಧ ಹೊಡೆಯಲು ಕೊನೆಗೌಡ ಮರ ಏರಬೇಕು.

ಇಲ್ಲೊಂದು ಇಕ್ಕಟ್ಟಿದೆ. ನೀರು, ನೆರಳು ಬಯಸುವ ಅಡಿಕೆಗೆ ಕಣಿವೆಯ ತಳವೇ ಹಿತ. ಪಶ್ಚಿಮಘಟ್ಟದ ಎಷ್ಟೋ ಜಡ್ಡಿಗಳು ತೋಟ, ಗದ್ದೆಗಳಾಗಿಯೇ ಕರಗಿವೆ. ಜಡ್ಡಿಯನ್ನು ನುಂಗಿದ ಬೆಳೆ, ಉಳಿದ ಜಡ್ಡಿಯ ನೀರನ್ನೇ ಕುಡಿಯುತ್ತಿದೆ. ಸಿಂಗಳೀಕಗಳಿರುವ ಈ ಸೀಮೆಗೆ 2011ರಲ್ಲಿ ಸಂರಕ್ಷಿತ ಪ್ರದೇಶದ, 2019ರಲ್ಲಿ ಅಭಯಾರಣ್ಯದ ಮನ್ನಣೆ ಸಿಕ್ಕಿತು. ಅದು ಕೋತಿಗಾಗಿ ಬಂದ ಕಾನೂನು ಎಂದು ಗೊಣಗುವವರು ಊರಲ್ಲಿದ್ದಾರೆ. ಯಜಮಾನರ ಲೆಕ್ಕ ಬೇರೆ: “ಏಪ್ರಿಲ್‌ನಲ್ಲಿ ಅಬ್ಬಿ ನಿಂತ್ರೆ ಟ್ಯಾಂಕರ್ ಈ ಘಟ್ಟ ಹತ್ತಿ ಬರೂದಿಲ್ಲ. ಕಾನು ಉಳಿಸೂದೂ ತೋಟದ ಕೆಲಸವೇ, ಗೊಬ್ಬರ ಹಾಕಿದ ಹಾಗೆ.”