ಕೋಳಿಯ ಹೊಟ್ಟೆ ಊದಿಕೊಂಡರೆ ಮೊದಲು ಮುಟ್ಟಿ ನೋಡಿ

ಕರಾವಳಿಯಿಂದ ಮೈಸೂರಿಗೆ ಹೋಗಿ ನೆಲೆಸಿದ ನಮ್ಮವರಲ್ಲಿ ಅಲ್ಲಿಯೂ ಹಿತ್ತಲಲ್ಲಿ ನಾಲ್ಕೈದು ಹೇಂಟೆ ಸಾಕುವವರಿದ್ದಾರೆ. ಅವುಗಳಲ್ಲಿ ಒಂದು ಮಂಕಾಗಿ ಕುಳಿತು ಹೊಟ್ಟೆ ಊದಿಸಿಕೊಂಡರೆ ಮನೆಯಲ್ಲಿ ಎರಡು ಮಾತು ಏಳುತ್ತವೆ. ಹಕ್ಕಿಜ್ವರ ಇರಬೇಕು ಎನ್ನುವುದು ಒಂದು. ಸಾಯುವ ಮೊದಲೇ ಕೊಯ್ದು ಸಾರು ಮಾಡೋಣ ಎನ್ನುವುದು ಇನ್ನೊಂದು. ಎರಡೂ ಅವಸರದ ಮಾತುಗಳೇ.

ಮೊದಲನೆಯ ಭಯಕ್ಕೆ ಕಾರಣ ಇಲ್ಲದಿಲ್ಲ. 2020ರ ಮಾರ್ಚ್‌ನಲ್ಲಿ ಮೈಸೂರಿನ ಕುಂಬಾರಕೊಪ್ಪಲಿನಲ್ಲಿ ಹಕ್ಕಿಜ್ವರ ದೃಢಪಟ್ಟು, ಸುತ್ತಲಿನ ಮನೆಗಳ ಕೋಳಿಗಳನ್ನೂ ಕೊಲ್ಲಬೇಕಾಯಿತು. ಆದರೆ ಹಕ್ಕಿಜ್ವರದಲ್ಲಿ ಕೋಳಿಗಳು ಒಂದರ ಹಿಂದೆ ಒಂದು ದಿಢೀರನೆ ಸಾಯುತ್ತವೆ. ತಲೆ, ಮುಖ ಊದಿ ಜುಟ್ಟು ನೀಲಿಯಾಗುತ್ತದೆ. ಒಂದೇ ಹೇಂಟೆಯ ಹೊಟ್ಟೆ ವಾರಗಟ್ಟಲೆ ನಿಧಾನವಾಗಿ ದೊಡ್ಡದಾಗುತ್ತಿದ್ದು, ಉಳಿದವು ಚುರುಕಾಗಿದ್ದರೆ, ಅದು ಸಾಮಾನ್ಯವಾಗಿ ಆ ಕೋಳಿಯದೇ ಒಳಗಿನ ತೊಂದರೆ.

ಹೊಟ್ಟೆ ಊದುವುದು ಒಂದು ರೋಗದ ಹೆಸರಲ್ಲ, ಹಲವು ರೋಗಗಳ ಗುರುತು. ಆದ್ದರಿಂದ ಕೋಳಿಯನ್ನು ತೋಳಿನಲ್ಲಿ ಹಿಡಿದು, ಕಾಲುಗಳ ನಡುವೆ, ಗುದದ್ವಾರದ ಕೆಳಗೆ ಮೆಲ್ಲಗೆ ಮುಟ್ಟಿ ನೋಡಬೇಕು. ಅದೇ ವಯಸ್ಸಿನ ಆರೋಗ್ಯವಂತ ಕೋಳಿಯನ್ನೂ ಮುಟ್ಟಿ ನೋಡಿದರೆ ವ್ಯತ್ಯಾಸ ತಾನೇ ತಿಳಿಯುತ್ತದೆ. ಊತ ಎದೆಯ ಮುಂದೆ, ಕತ್ತಿನ ಬುಡದಲ್ಲಿದ್ದರೆ ಅದು ಹೊಟ್ಟೆಯಲ್ಲ, ಮೇವು ತುಂಬಿಕೊಳ್ಳುವ ಚೀಲ. ಅದರ ವಿಷಯ ಬೇರೆ.

ಗಟ್ಟಿಯಾದ ಮೊಟ್ಟೆ ಕೈಗೆ ತಾಗಿದರೆ, ಕೋಳಿ ಬಾಲ ಅಲ್ಲಾಡಿಸುತ್ತ ಮತ್ತೆ ಮತ್ತೆ ಮುಕ್ಕುತ್ತಿದ್ದರೆ, ಮೊಟ್ಟೆ ಒಳಗೆ ಸಿಕ್ಕಿಕೊಂಡಿದೆ ಎಂದು ತಿಳಿಯಬಹುದು. ಇಲ್ಲಿ ಕಾಯುವಂತಿಲ್ಲ. ಕೈಗೆ ಹಿತವಾಗುವಷ್ಟು ಬೆಚ್ಚಗಿನ ನೀರಿನ ಟಬ್ಬಿನಲ್ಲಿ ಹೊಟ್ಟೆ ಮುಳುಗುವಂತೆ 15ರಿಂದ 20 ನಿಮಿಷ ಕೂರಿಸಿ. ಚೆನ್ನಾಗಿ ಒರೆಸಿ, ಬೆಚ್ಚಗಿನ, ಮಬ್ಬುಗತ್ತಲೆಯ ಜಾಗದಲ್ಲಿ ಒಂಟಿಯಾಗಿ ಬಿಡಿ. ಎಷ್ಟೋ ಕೋಳಿಗಳು ಇಷ್ಟರಿಂದಲೇ ಮೊಟ್ಟೆ ಇಡುತ್ತವೆ. ಹಿಂಡಿ ತೆಗೆಯಲು ಮಾತ್ರ ಹೋಗಬಾರದು. ಒಳಗೆ ಮೊಟ್ಟೆ ಒಡೆದರೆ ಚಿಪ್ಪಿನ ಚೂರು ಅಂಡನಾಳವನ್ನು ಸೀಳುತ್ತದೆ. ಅದೇ ದಿನ ಮೊಟ್ಟೆ ಬರದಿದ್ದರೆ ಪಶುವೈದ್ಯರ ಬಳಿಗೆ ಒಯ್ಯಲೇಬೇಕು.

ಹೊಟ್ಟೆ ನೀರು ತುಂಬಿದ ಬಲೂನಿನಂತೆ ತುಳುಕುತ್ತಿದೆಯೇ? ಕೋಳಿ ಕಾಲಗಲಿಸಿ ನೆಟ್ಟಗೆ ನಿಂತು ಬಾತಿನಂತೆ ನಡೆಯುತ್ತಿದೆಯೇ, ಏದುಸಿರು ಬಿಡುತ್ತಿದೆಯೇ? ಹಾಗಾದರೆ ಒಳಗೆ ದ್ರವ ಸೇರಿದೆ. ಯಕೃತ್ತು ಅಥವಾ ಹೃದಯ ಸೋತಿರಬಹುದು, ಗೆಡ್ಡೆ ಇರಬಹುದು. ಮೊಟ್ಟೆಯ ಹಳದಿ ಅಂಡನಾಳ ಸೇರದೆ ಹೊಟ್ಟೆಯೊಳಗೆ ಬಿದ್ದು ಕೀವಾಗಿರಲೂಬಹುದು. ಈ ಕೊನೆಯದು ಹೆಚ್ಚು ಮೊಟ್ಟೆ ಇಡುವ ಫಾರಂ ತಳಿಗಳನ್ನು ಹೆಚ್ಚಾಗಿ ಕಾಡುತ್ತದೆ. ವೈದ್ಯರು ಸೂಜಿಯಿಂದ ನೀರು ತೆಗೆದರೆ ಉಸಿರಾಟ ಹಗುರವಾಗುತ್ತದೆ, ಆದರೆ ನೀರು ಮತ್ತೆ ತುಂಬಿಕೊಳ್ಳುವುದೇ ಹೆಚ್ಚು. ಮನೆಯಲ್ಲಿ ಸಿರಿಂಜು ಹಿಡಿಯುವ ಸಾಹಸ ಬೇಡ. ಒಮ್ಮೆಲೇ ಹೆಚ್ಚು ನೀರು ಹೋದರೆ ಕೋಳಿ ಅಲ್ಲೇ ಕುಸಿಯುತ್ತದೆ.

ಇನ್ನೂರು ಮುನ್ನೂರು ರೂಪಾಯಿಯ ಕೋಳಿಗೆ ಎಷ್ಟು ಖರ್ಚು ಮಾಡುವುದು ಎಂಬ ಪ್ರಶ್ನೆ ನ್ಯಾಯವಾದದ್ದೇ. ಧರ್ಮಸಭೆಯ ಧರ್ಮೋಪದೇಶ ಗ್ರಂಥ (ಸಂಖ್ಯೆ 2418) ಇದಕ್ಕೆ ಎರಡೂ ಕಡೆಯಿಂದ ಉತ್ತರಿಸುತ್ತದೆ: ಪ್ರಾಣಿಯನ್ನು ವೃಥಾ ನರಳಿಸಬಾರದು, ಮನುಷ್ಯರ ಕಷ್ಟಕ್ಕೆ ಸಲ್ಲಬೇಕಾದ ಹಣವನ್ನು ಪ್ರಾಣಿಗೆ ಸುರಿಯಲೂಬಾರದು. ಮೊಟ್ಟೆ ಮಾರಿ ಮನೆ ನಡೆಸುವ ವಿಧವೆಗೆ ಪದೇ ಪದೇ ನೀರು ತೆಗೆಸಲು ಹೇಳುವುದು ನಮಗೆ ಸರಿಯೆನಿಸುವುದಿಲ್ಲ. ಗುಣವಾಗದು ಎಂದು ವೈದ್ಯರು ಹೇಳಿದ ಮೇಲೆ, ಮೇವು ಬಿಟ್ಟು ನರಳುವ ಕೋಳಿಗೆ ಬೇಗ ನೋವಿಲ್ಲದ ಸಾವು ಕೊಡಿಸುವುದು ಕ್ರೌರ್ಯವಲ್ಲ.

ಆದರೆ ಅದನ್ನು ಅಡುಗೆಮನೆಗೆ ತರಬಾರದು. ಕೀವು, ಸೋಂಕು ತುಂಬಿದ ಹೊಟ್ಟೆಯನ್ನು ಕೊಯ್ಯುವ ಕೈಗೇ ಮೊದಲ ಅಪಾಯ. ಮಾಂಸವನ್ನು ನೆರೆಯವರಿಗೆ ಅಗ್ಗಕ್ಕೆ ಕೊಡುವುದಂತೂ ತಪ್ಪು. ಆಳವಾದ ಗುಂಡಿ ತೋಡಿ, ಸುಣ್ಣ ಹಾಕಿ ಹೂಳಬೇಕು. ಮನೆಯಲ್ಲಿ ಉಳಿದ ಮನುಷ್ಯರ ಆಂಟಿಬಯೋಟಿಕ್ ಮಾತ್ರೆ ತಿನ್ನಿಸುವವರೂ ಇದ್ದಾರೆ, ಅದು ಬೇಡ. ವೈದ್ಯರೇ ಔಷಧಿ ಕೊಟ್ಟರೆ, ಎಷ್ಟು ದಿನ ಮೊಟ್ಟೆ ತಿನ್ನಬಾರದೆಂದು ಕೇಳಿ ಬರೆದಿಟ್ಟುಕೊಳ್ಳಿ.

ಬರೀ ಅನ್ನ ಹಾಕಿ ಕೊಬ್ಬಿಸಿದ ಕೋಳಿಗೆ ಮೊಟ್ಟೆ ಸಿಕ್ಕಿಕೊಳ್ಳುವುದು ಸುಲಭ. ಮೊಟ್ಟೆ ಇಡುವ ಕೋಳಿಯ ಮೇವಿನಲ್ಲಿ ಸುಣ್ಣದ ಅಂಶ ಇರಲೇಬೇಕು. ಕರಾವಳಿಯಲ್ಲಿ ಮರುವಾಯಿ ಚಿಪ್ಪಿಗೆ ಬರವಿಲ್ಲ. ಮೈಸೂರಿನಲ್ಲಾದರೆ ಕೋಳಿ ಮೇವಿನ ಅಂಗಡಿಯಲ್ಲಿ ಚಿಪ್ಪಿನ ಪುಡಿ ಕೇಳಿ, ಇಲ್ಲವೇ ಮನೆಯ ಮೊಟ್ಟೆ ಸಿಪ್ಪೆಯನ್ನು ಒಣಗಿಸಿ ಪುಡಿಮಾಡಿ ಕೊಡಿ.

ಎರಡು ಮೂರು ಕೋಳಿಗಳು ಒಟ್ಟಿಗೆ ಸತ್ತರೆ ಹೂಳುವ ಮೊದಲೇ ಪಶುಪಾಲನಾ ಇಲಾಖೆಗೆ ತಿಳಿಸಬೇಕು, ಸತ್ತ ಕೋಳಿಯನ್ನು ಬರಿಗೈಯಿಂದ ಮುಟ್ಟಬಾರದು. ಪಶು ಚಿಕಿತ್ಸಾ ಸಹಾಯವಾಣಿಯ ಸಂಖ್ಯೆ 1962, ಕರೆ ಉಚಿತ. ವಾಳೆಯ ಗುರಿಕಾರರು ಇದನ್ನು ತಮ್ಮ ಮನೆಗಳಿಗೆ ತಿಳಿಸುವಂತೆ ಕೋರುತ್ತೇವೆ.