ಹಳೇ ಕಂಪ್ಯೂಟರ್‌ನಲ್ಲಿರೋ ಅಂಗಡಿ ಲೆಕ್ಕ ಹೊಸ ಪಿಸಿಯಲ್ಲಿ ತೆರೆಯೋದು ಹೇಗೆ? ಗುಜರಿಗೆ ಹಾಕೋ ಮುಂಚೆ ಇದನ್ನ ಓದಿ

ಬಳ್ಳಾರಿ: ನಿಮ್ಮ ಅಂಗಡಿ ಗಲ್ಲಾದ ಪಕ್ಕ ಇಲ್ಲವೇ ಗೋದಾಮಿನ ಮೂಲೆಯಲ್ಲಿ ಧೂಳು ಹಿಡಿದ ಹಳೇ ಕಂಪ್ಯೂಟರ್ ಒಂದು ಇನ್ನೂ ಇದೆಯಾ? ಕಪ್ಪು ಇಲ್ಲ ನೀಲಿ ಪರದೆ, ಬಿಳಿ ಅಕ್ಷರ, ಮೌಸ್ ಬೇಡವೇ ಬೇಡ, ಕೀಲಿ ಒತ್ತಿದರೆ ಕರ್ರಕರ್ರ ಅಂತ ಬಿಲ್ ಹೊಡೆಯೋ ಪ್ರಿಂಟರ್. ಅದೇ ಡಾಸ್ ಕಾಲದ ಕಂಪ್ಯೂಟರ್.

ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಭತ್ತ, ನುಚ್ಚು, ತೌಡು, ಹಮಾಲಿ ಲೆಕ್ಕ ಇರಲಿ, ಕುರುಗೋಡಿನ ಗೊಬ್ಬರದಂಗಡಿ ಉದ್ರಿ ಖಾತೆ ಇರಲಿ, ಬಳ್ಳಾರಿ ಎಪಿಎಂಸಿ ಯಾರ್ಡ್‌ನ ದಲಾಲಿ ಅಂಗಡಿ ಪಟ್ಟಿ ಇರಲಿ, ತೊಂಬತ್ತರ ದಶಕದಲ್ಲಿ ಕಂಪ್ಯೂಟರ್ ತಂದವರು ಬರೆಸಿದ್ದು ಇಂಥ ಪ್ರೋಗ್ರಾಮ್‌ನಲ್ಲೇ. ಆಮೇಲೆ ಹೊಸದು ಬಂತು, ಹಳೇದು ಹಾಗೇ ಉಳಿಯಿತು. ಪಾಲುದಾರಿಕೆ ಮುರಿದಾಗ, ಅಣ್ತಮ್ಮರು ಭಾಗ ಆಗುವಾಗ, 'ಆ ವರ್ಷ ಯಾರ ಹೆಸರಲ್ಲಿ ಎಷ್ಟು ಜಮಾ ಇತ್ತು?' ಅನ್ನೋ ಪ್ರಶ್ನೆ ಎದ್ದಾಗಲೇ ಅದರ ನೆನಪು ಬರೋದು. ಕಾಗದದ ವಹಿ ಅಷ್ಟೊತ್ತಿಗೆ ಗೆದ್ದಲು ಪಾಲಾಗಿರುತ್ತೆ.

ಆಗ ಯಾರೋ ಹುಡುಗ ಹಳೇ ಫೋಲ್ಡರ್‌ನ ಪೆನ್‌ಡ್ರೈವ್‌ಗೆ ಹಾಕಿಕೊಂಡು ಹೊಸ ಪಿಸಿಯಲ್ಲಿ ಒತ್ತುತ್ತಾನೆ. 'ಈ ಆ್ಯಪ್ ನಿಮ್ಮ ಪಿಸಿಯಲ್ಲಿ ನಡೆಯೋದಿಲ್ಲ' ಅಂತ ಇಂಗ್ಲಿಷಲ್ಲಿ ಬರುತ್ತೆ. 'ಸಾರ್, ಡೇಟಾ ಹೋಗೇತಿ' ಅಂದುಬಿಡ್ತಾನೆ. ಡೇಟಾ ಎಲ್ಲೂ ಹೋಗಿರಲ್ಲ.

ಯಾಕೆ ತೆರೆಯಲ್ಲ?

ಡಾಸ್ ಕಾಲದ ಪ್ರೋಗ್ರಾಮ್‌ಗಳು 16 ಬಿಟ್‌ನವು. ಆಮೇಲೆ ಬಂದ 32 ಬಿಟ್‌ನ ವಿಂಡೋಸ್ ಅವನ್ನೂ ಹೆಂಗೋ ನಡೆಸಿಕೊಂಡು ಹೋಗ್ತಿತ್ತು. ಅದಕ್ಕೇ ಎಕ್ಸ್‌ಪಿ ಇದ್ದ ಕಂಪ್ಯೂಟರ್‌ನಲ್ಲಿ ಹಳೇ ಬಿಲ್ಲಿಂಗ್ ಓಡ್ತಿದ್ದದ್ದು. 64 ಬಿಟ್‌ನ ವಿಂಡೋಸ್‌ನಲ್ಲಿ ಆ ವ್ಯವಸ್ಥೆಯನ್ನ ಮೈಕ್ರೋಸಾಫ್ಟ್ ಇಡಲೇ ಇಲ್ಲ. ವಿಂಡೋಸ್ 11 ಅಂತೂ 64 ಬಿಟ್‌ನಲ್ಲಿ ಮಾತ್ರ ಸಿಗುತ್ತೆ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಳೇ ಮಷೀನು ಎಷ್ಟೋ ಕಡೆ ವಿಂಡೋಸ್ 11ನ್ನ ಒಪ್ಪಲ್ಲ, ಹಾಗಾಗಿ ಹೊಸ ಪಿಸಿ ತರಲೇಬೇಕು. ತಂದ ದಿನವೇ ಈ ತಕರಾರು ಶುರು.

ಮೀಟರ್‌ಗೇಜ್ ಬೋಗಿ ತಂದು ಬ್ರಾಡ್‌ಗೇಜ್ ಹಳಿ ಮೇಲೆ ಇಟ್ಟಂಗೆ ಇದು. ಬೋಗಿ ಕೆಟ್ಟಿಲ್ಲ, ಹಳಿ ಬೇರೆ.

ಇದಕ್ಕೆ ಇರೋ ದಾರಿಯೇ ಎಮ್ಯುಲೇಟರ್. ಬಯಲಾಟದಲ್ಲಿ ದುರ್ಯೋಧನನ ವೇಷ ಹಾಕಿದವನು ಬೆಳಗಿನ ತನಕ ದುರ್ಯೋಧನನೇ. ಎಮ್ಯುಲೇಟರೂ ಅಷ್ಟೇ, ಹೊಸ ಪಿಸಿ ಒಳಗೆ ಕೂತು ಹಳೇ ಕಂಪ್ಯೂಟರ್‌ನ ವೇಷ ಹಾಕುತ್ತೆ. ಹಳೇ ಪ್ರೋಗ್ರಾಮ್‌ಗೆ ತಾನು ಇರೋದು 1995ರ ಮಷೀನಿನಲ್ಲೇ ಅನ್ನಿಸುತ್ತೆ. ಡಾಸ್‌ಗೆ ಹೆಚ್ಚು ಬಳಕೆಯಲ್ಲಿರೋದು ಡಾಸ್‌ಬಾಕ್ಸ್. 2002ರಿಂದ ಇದೆ, ಪೂರ್ತಿ ಉಚಿತ. ಡಾಸ್‌ಬಾಕ್ಸ್ ಡಾಟ್ ಕಾಮ್‌ನಲ್ಲೇ ಸಿಗುತ್ತೆ, ಬೇರೆ ಕಡೆಯಿಂದ ಇಳಿಸಿಕೊಳ್ಳೋದು ಬೇಡ. ಗಾತ್ರ ಒಂದು ವಾಟ್ಸಾಪ್ ವಿಡಿಯೋಗಿಂತ ಕಮ್ಮಿ.

ಮೊದಲು ಕಾಪಿ, ಆಮೇಲೆ ಉಳಿದದ್ದು

ಎಲ್ಲರೂ ತಪ್ಪೋದು ಇಲ್ಲೇ. ವರ್ಷಗಟ್ಟಲೆ ಆಫ್ ಇದ್ದ ಕಂಪ್ಯೂಟರ್‌ನ 'ನಡೀತದಾ ನೋಡಾಣ' ಅಂತ ಮೇಲಿಂದ ಮೇಲೆ ಆನ್ ಮಾಡಬೇಡಿ. ಒಳಗಿನ ಹಾರ್ಡ್ ಡಿಸ್ಕ್ ಟಕ್ ಟಕ್ ಸದ್ದು ಮಾಡಿದರೆ ತಕ್ಷಣ ಆಫ್ ಮಾಡಿ. ನಮ್ಮೂರ ಧೂಳು, ಬಿಸಿಲಿಗೆ ಪವರ್ ಸಪ್ಲೈ ಸುಟ್ಟಿದ್ದರೂ ಡಿಸ್ಕ್ ಚೆನ್ನಾಗಿರೋದು ಉಂಟು.

ಡಿಸ್ಕ್ ಬಿಚ್ಚಿ ಹೊರಗೆ ತೆಗೀರಿ. ಹಿಂದೆ ಅಗಲವಾದ ಪಟ್ಟಿಯಂಥ ಕೇಬಲ್ ಇದ್ದರೆ ಅದು ಐಡಿಇ ಡಿಸ್ಕ್. ಐಡಿಇಯಿಂದ ಯುಎಸ್‌ಬಿಗೆ ಹಚ್ಚೋ ಅಡಾಪ್ಟರ್ ಸಿಗುತ್ತೆ. ಅದಕ್ಕೆ ಬೇರೆ ಕರೆಂಟ್ ವೈರ್ ಇರಬೇಕು, ಬರೀ ಯುಎಸ್‌ಬಿ ಕರೆಂಟ್‌ಗೆ ಹಳೇ ದೊಡ್ಡ ಡಿಸ್ಕ್ ತಿರುಗಲ್ಲ. ಹಚ್ಚಿದ ಮೇಲೆ ವಿಂಡೋಸ್ 'ಫಾರ್ಮ್ಯಾಟ್ ಮಾಡಲಾ?' ಅಂತ ಕೇಳಿದರೆ ಬೇಡ ಅನ್ನಿ. ಇದೊಂದು ಮಾತು ಅಂಗಡಿ ಹುಡುಗರಿಗೆ ಮೊದಲೇ ಹೇಳಿಡಿ.

ಬರೀ ಪ್ರೋಗ್ರಾಮ್ ಫೋಲ್ಡರ್ ಸಾಕು ಅಂದುಕೊಳ್ಳಬೇಡಿ, ಡಿಸ್ಕ್‌ನಲ್ಲಿರೋದೆಲ್ಲಾ ಕಾಪಿ ಮಾಡಿ. ಆವಾಗಿನ ಡಿಸ್ಕ್ 2 ಜಿಬಿ, 4 ಜಿಬಿ, ಹೆಚ್ಚಂದ್ರೆ 20 ಜಿಬಿ. ಇವತ್ತಿನ ಒಂದು ಪೆನ್‌ಡ್ರೈವ್‌ನಲ್ಲೇ ಹಿಡಿಸುತ್ತೆ. ಎರಡು ಕಾಪಿ ಮಾಡಿ, ಒಂದನ್ನ ಮನೆಯ ಬೀರುವಿನಲ್ಲಿಟ್ಟು ಮುಟ್ಟಬೇಡಿ. ಪ್ರಯೋಗ ಏನಿದ್ದರೂ ಇನ್ನೊಂದರ ಮೇಲೆ.

ಫ್ಲಾಪಿಯಲ್ಲಿ ಬ್ಯಾಕಪ್ ಇದ್ದರೆ ಚಿಕ್ಕ ಗಟ್ಟಿ ಫ್ಲಾಪಿ, ಅಂದ್ರೆ ಮೂರೂವರೆ ಇಂಚಿನದಕ್ಕೆ ಯುಎಸ್‌ಬಿ ಡ್ರೈವ್ ಸಿಗುತ್ತೆ. ಹಾಕೋ ಮುಂಚೆ ಮೂಲೆಯ ಸಣ್ಣ ಬಾಗಿಲು ಸರಿಸಿ ತೂತು ಕಾಣೋಹಂಗೆ ಮಾಡಿ, ಆಗ ಅದರ ಮೇಲೆ ಏನೂ ಬರೆಯೋಕಾಗಲ್ಲ. ಮೆತ್ತಗೆ ಬಾಗೋ ಐದೂಕಾಲು ಇಂಚಿನ ಫ್ಲಾಪಿಗೆ ಮಾಮೂಲಿ ಯುಎಸ್‌ಬಿ ಡ್ರೈವ್ ಇಲ್ಲ. ಅದಕ್ಕೆ ಹಳೇ ಡ್ರೈವ್ ಜತೆ ಗ್ರೀಸ್‌ವೀಸಲ್ ಅನ್ನೋ ಬೋರ್ಡ್ ಬೇಕು, ಗೊತ್ತಿದ್ದವರ ಕೈಯಲ್ಲೇ ಮಾಡಿಸಬೇಕು.

ಡಾಸ್‌ಬಾಕ್ಸ್ ಹಚ್ಚೋದು

ಹೊಸ ಪಿಸಿಯ ಡಿ ಡ್ರೈವ್‌ನಲ್ಲಿ ಒಂದು ಫೋಲ್ಡರ್ ಮಾಡಿ. ಹೆಸರು ಇಂಗ್ಲಿಷಲ್ಲಿ ಚಿಕ್ಕದಾಗಿರಲಿ, 'ಹಳೆ' ಅಂತ ಇಟ್ಟುಕೊಳ್ಳೋಣ. ಡಿ ಡ್ರೈವ್ ಇಲ್ಲದಿದ್ದರೆ ಸಿ ಡ್ರೈವ್ ಒಳಗೇ ಮಾಡಿ. ಆದರೆ ಪೂರ್ತಿ ಸಿ ಡ್ರೈವ್‌ನ ಡಾಸ್‌ಬಾಕ್ಸ್ ಕೈಗೆ ಕೊಡಬೇಡಿ, ಅದು ತಾನೇ ಬೇಡ ಅಂತ ಎಚ್ಚರಿಸುತ್ತೆ.

ಹಳೇ ಕಂಪ್ಯೂಟರ್‌ನ ಸಿ ಡ್ರೈವ್‌ನಲ್ಲಿ ಪ್ರೋಗ್ರಾಮ್ ಫೋಲ್ಡರ್ ಯಾವ ಹೆಸರಲ್ಲಿತ್ತೋ ಅದೇ ಹೆಸರಲ್ಲಿ ಈ 'ಹಳೆ' ಒಳಗೆ ಇಡಿ. ಹೆಸರು ಬದಲಾಯಿಸಿದರೆ ಎಷ್ಟೋ ಪ್ರೋಗ್ರಾಮ್‌ಗಳು ತಮ್ಮ ಡೇಟಾ ಸಿಗದೆ ನಿಲ್ಲುತ್ತವೆ. ಬರೆದವನು ಆವಾಗ ದಾರಿಯನ್ನ ಪ್ರೋಗ್ರಾಮ್ ಒಳಗೇ ಬರೆದಿಟ್ಟಿರ್ತಾನೆ. ಡಾಸ್‌ನಲ್ಲಿ ಹೆಸರಿಗೆ ಎಂಟು ಅಕ್ಷರ, ಚುಕ್ಕಿ ಆದ ಮೇಲೆ ಮೂರು, ಅಷ್ಟೇ.

ಡಾಸ್‌ಬಾಕ್ಸ್ ತೆರೆದರೆ 'ಜಡ್' ಅಂತ ಅಕ್ಷರ ಮಿನುಗುತ್ತೆ. ಅಲ್ಲಿ ಇಂಗ್ಲಿಷಲ್ಲಿ 'ಮೌಂಟ್' (ಎಂ-ಒ-ಯು-ಎನ್-ಟಿ) ಅಂತ ಬರೆದು, ಜಾಗ ಬಿಟ್ಟು 'ಸಿ', ಮತ್ತೆ ಜಾಗ ಬಿಟ್ಟು ಡಿ, ಕೋಲನ್, ಹಿಂದಕ್ಕೆ ವಾಲಿದ ಗೆರೆ, ಆಮೇಲೆ ಫೋಲ್ಡರ್ ಹೆಸರು ಬರೆದು ಎಂಟರ್ ಒತ್ತಿ. ಅಂದ್ರೆ 'ಡಿ ಡ್ರೈವ್‌ನ ಹಳೆ ಫೋಲ್ಡರೇ ಇನ್ಮೇಲೆ ನಿನ್ನ ಸಿ ಡ್ರೈವ್' ಅಂತ ಹೇಳಿದಂಗೆ. ಮುಂದಿನ ಸಾಲಲ್ಲಿ ಸಿ ಮತ್ತು ಕೋಲನ್. ಆಮೇಲೆ 'ಡಿರ್' (ಡಿ-ಐ-ಆರ್) ಒತ್ತಿದರೆ ಫೋಲ್ಡರ್‌ಗಳು ಕಾಣುತ್ತವೆ. 'ಸಿಡಿ' ಬರೆದು ಜಾಗ ಬಿಟ್ಟು ಫೋಲ್ಡರ್ ಹೆಸರು ಕೊಟ್ಟರೆ ಒಳಗೆ ಹೋಗುತ್ತೆ. ಕೊನೆಗೆ ಪ್ರೋಗ್ರಾಮ್ ಹೆಸರು. ಆ ಹೆಸರು ಏನು ಅನ್ನೋದು ಗೊತ್ತಿಲ್ಲವಾ? ಫೋಲ್ಡರ್ ಒಳಗೆ ಇಎಕ್ಸ್‌ಇ ಇಲ್ಲ ಬಿಎಟಿ ಅಂತ ಕೊನೆಯಾಗೋ ಫೈಲ್‌ಗಳನ್ನ ಹುಡುಕಿ, ಮೊದಲು ಬಿಎಟಿ ಪ್ರಯತ್ನಿಸಿ.

ಸರಿ ಹೋದರೆ ಅದೇ ನೀಲಿ ಪರದೆ ಎದುರಿಗೆ ನಿಲ್ಲುತ್ತೆ. ಪಾಸ್‌ವರ್ಡ್ ಕೇಳಿತು ಅಂದ್ರೆ ಹಳೇ ಗುಮಾಸ್ತರಿಗೆ ಫೋನ್ ಹಚ್ಚಬೇಕು, ಅದಕ್ಕೆ ಡಾಸ್‌ಬಾಕ್ಸ್‌ನಲ್ಲಿ ಔಷಧ ಇಲ್ಲ.

ದಿನಾ ಇಷ್ಟೆಲ್ಲಾ ಒತ್ತಬೇಕಿಲ್ಲ. ಸ್ಟಾರ್ಟ್ ಮೆನುವಿನಲ್ಲಿ ಡಾಸ್‌ಬಾಕ್ಸ್ ಪಕ್ಕ 'ಆಪ್ಷನ್ಸ್' ಅಂತ ಇರುತ್ತೆ. ಅದನ್ನ ತೆರೆದರೆ ಒಂದು ಬರಹದ ಫೈಲ್, ಅದರ ತೀರ ಕೊನೆಗೆ 'ಆಟೋಎಕ್ಸೆಕ್' ಅನ್ನೋ ಭಾಗ. ಮೇಲಿನ ಸಾಲುಗಳನ್ನೇ ಅಲ್ಲಿ ಬರೆದು ಸೇವ್ ಮಾಡಿದರೆ ಮುಂದೆ ಐಕಾನ್ ಒತ್ತಿದರೆ ಸಾಕು. ಪರದೆ ದೊಡ್ಡದಾಗಬೇಕು ಅಂದ್ರೆ ಆಲ್ಟ್ ಹಿಡಿದು ಎಂಟರ್. ಮೌಸ್ ಒಳಗೆ ಸಿಕ್ಕಿಕೊಂಡರೆ ಕಂಟ್ರೋಲ್ ಹಿಡಿದು ಎಫ್10.

ಬರೋ ತೊಂದರೆಗಳು

'ರನ್‌ಟೈಮ್ ಎರರ್ 200' ಅಂತ ಬಂದರೆ ಹೆದರಬೇಡಿ. ಟರ್ಬೋ ಪ್ಯಾಸ್ಕಲ್‌ನಲ್ಲಿ ಬರೆದ ಪ್ರೋಗ್ರಾಮ್ ಮಷೀನಿನ ವೇಗ ಅಳೆಯೋಕೆ ಹೋಗಿ ಎಡವಿದೆ ಅಂತ ಅರ್ಥ. ಕಂಟ್ರೋಲ್ ಹಿಡಿದು ಎಫ್11 ಒತ್ತಿ ವೇಗ ತಗ್ಗಿಸಿ ಮತ್ತೆ ನೋಡಿ. ಹೆಚ್ಚಿಸೋಕೆ ಎಫ್12.

ಇವತ್ತಿನ ತಾರೀಖು ಒಪ್ಪದ ಪ್ರೋಗ್ರಾಮ್‌ಗಳೂ ಇವೆ. 'ಡೇಟ್' ಅಂತ ಬರೆದು ಹಳೇ ತಾರೀಖು ಕೊಡಬಹುದು. ಮೊದಲು ತಿಂಗಳು, ಆಮೇಲೆ ದಿನ, ಆಮೇಲೆ ವರ್ಷ. ನಮ್ಮ ಲೆಕ್ಕಕ್ಕೆ ಉಲ್ಟಾ.

ಪ್ರಿಂಟ್ ಮಾತ್ರ ದೊಡ್ಡ ತಲೆನೋವು. ಡಾಸ್‌ಬಾಕ್ಸ್ ಮಾಡಿದವರು ಮುಖ್ಯವಾಗಿ ಆಟಗಳಿಗೆ ಅಂತಲೇ ಮಾಡಿದ್ದು, ಮಾಮೂಲಿ ಡಾಸ್‌ಬಾಕ್ಸ್‌ನಲ್ಲಿ ಪ್ರಿಂಟರ್ ಇಲ್ಲ. ಕಾಗದ ಬೇಕೇ ಬೇಕು ಅಂದ್ರೆ ಡಾಸ್‌ಬಾಕ್ಸ್-ಎಕ್ಸ್ ಇಲ್ಲವೇ ವಿಡಾಸ್ ಹಾಕಿಕೊಳ್ಳಿ. ವಿಡಾಸ್‌ನ ಮಾಡಿರೋದೇ ವ್ಯಾಪಾರದ ಪ್ರೋಗ್ರಾಮ್‌ಗಳಿಗೆ. ಒಂದೆರಡು ಪುಟ ಸಾಕು ಅಂದ್ರೆ ಮೊಬೈಲಲ್ಲಿ ಪರದೆ ಫೋಟೋ ಹೊಡೆದುಕೊಂಡರೂ ಆಯ್ತು, ನಾಚಿಕೆ ಏನಿಲ್ಲ.

ಹಿಂದಿನ ಪ್ರಿಂಟರ್ ಪೋರ್ಟ್‌ಗೆ ಚುಚ್ಚೋ 'ಲಾಕ್' ಇದ್ದ ಸಾಫ್ಟ್‌ವೇರ್ ಆದರೆ ಎಮ್ಯುಲೇಟರ್‌ಗೆ ಆ ಲಾಕ್ ಕಾಣಲ್ಲ. ಪ್ರೋಗ್ರಾಮ್ ಅಲ್ಲಿಗೇ ನಿಲ್ಲುತ್ತೆ.

ಪ್ರೋಗ್ರಾಮ್ ನಡೆಯದಿದ್ದರೂ ಲೆಕ್ಕ ಸಿಗಬಹುದು

ಇದು ಬಹಳ ಜನರಿಗೆ ಗೊತ್ತಿಲ್ಲ. ಡಾಸ್ ಕಾಲದಲ್ಲಿ ನಮ್ಮ ಕಡೆ ಅಂಗಡಿಗಳಿಗೆ ಹುಡುಗರು ಬರೆದುಕೊಡ್ತಿದ್ದ ಪ್ರೋಗ್ರಾಮ್‌ಗಳಲ್ಲಿ ಡಿಬೇಸ್, ಕ್ಲಿಪ್ಪರ್, ಫಾಕ್ಸ್‌ಪ್ರೋ ಬಳಕೆ ಇತ್ತು. ಇವು ಮೂರೂ ಲೆಕ್ಕ ಇಡೋದು ಡಿಬಿಎಫ್ ಅಂತ ಕೊನೆಯಾಗೋ ಫೈಲ್‌ನಲ್ಲಿ. ಉಚಿತವಾಗಿ ಸಿಗೋ ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲಿ ಆ ಫೈಲ್ ಸೀದಾ ತೆರೆಯುತ್ತೆ. ಹೆಸರು, ತಾರೀಖು, ಮೊತ್ತ ಎಲ್ಲಾ ಕೋಷ್ಟಕದಲ್ಲಿ ಬಂದು ನಿಲ್ಲುತ್ತೆ. ಎಕ್ಸೆಲ್‌ನಲ್ಲೂ ಆಗುತ್ತೆ. ಎನ್‌ಟಿಎಕ್ಸ್, ಸಿಡಿಎಕ್ಸ್ ಅಂತ ಇರೋವು ಬರೀ ಇಂಡೆಕ್ಸ್, ಅವನ್ನ ತೆರೆಯೋಕೆ ಹೋಗಬೇಡಿ. ಕಾಪಿ ಮೇಲೆ ಕೆಲಸ ಮಾಡಿ, ಬೇರೆ ಹೆಸರಲ್ಲಿ ಸೇವ್ ಮಾಡಿ.

ಟ್ಯಾಲಿ ಕಥೆ ಬೇರೆ. 1986ರಲ್ಲಿ ಬೆಂಗಳೂರಲ್ಲಿ ಶ್ಯಾಮ್ ಸುಂದರ್ ಗೋಯೆಂಕಾ ಮತ್ತು ಅವರ ಮಗ ಭರತ್ ಗೋಯೆಂಕಾ ಶುರು ಮಾಡಿದ ಟ್ಯಾಲಿಯೂ ಮೊದಲಿಗೆ ಡಾಸ್‌ನಲ್ಲೇ ಇತ್ತು. ಅದರ ಡೇಟಾ ಡಿಬಿಎಫ್ ಅಲ್ಲ, ಇವತ್ತಿನ ಟ್ಯಾಲಿಪ್ರೈಮ್‌ನಲ್ಲೂ ಸೀದಾ ತೆರೆಯಲ್ಲ. ಆವಾಗಿನ ಟ್ಯಾಲಿ ಫೋಲ್ಡರ್ ಜತೆಗೇ ಇದ್ದರೆ ಮೊದಲು ಡಾಸ್‌ಬಾಕ್ಸ್‌ನಲ್ಲಿ ಪ್ರಯತ್ನಿಸಿ.

ಕನ್ನಡ ಫೈಲ್‌ಗಳದ್ದು ಇನ್ನೊಂದು ಗೊಂದಲ. ನುಡಿ, ಬರಹದಲ್ಲಿ ಮಾಡಿದ ಲಗ್ನಪತ್ರಿಕೆ, ಕರಪತ್ರ ಡಾಸ್‌ನವು ಅಲ್ಲ, ವಿಂಡೋಸ್‌ನವು. ಅವಕ್ಕೆ ಎಮ್ಯುಲೇಟರ್ ಬೇಡ, ಆ ಫಾಂಟ್ ಇದ್ದರೆ ಸಾಕು, ಯೂನಿಕೋಡ್‌ಗೆ ಬದಲಾಯಿಸೋ ಸಾಧನಗಳೂ ಇವೆ. ಆದರೆ ಅದಕ್ಕೂ ಮುಂಚೆ ಡಾಸ್‌ನಲ್ಲಿ ಕನ್ನಡ ತೋರಿಸೋಕೆ ಸಿ-ಡ್ಯಾಕ್ ಸಂಸ್ಥೆಯ ಜಿಸ್ಟ್ ಕಾರ್ಡ್ ಅಂತ ಕಂಪ್ಯೂಟರ್ ಒಳಗೇ ಕೂರಿಸ್ತಿದ್ದರು. ಡಾಸ್‌ಬಾಕ್ಸ್‌ನಲ್ಲಿ ಆ ಕಾರ್ಡ್ ಇಲ್ಲ, ಅಕ್ಷರ ಕಲಸಿಹೋದಂಗೆ ಕಾಣುತ್ತೆ. ಬರಹ ಇಸ್ಕಿ ಸಂಕೇತದಲ್ಲಿ ಇದ್ದರೆ ಯೂನಿಕೋಡ್‌ಗೆ ತರಬಹುದು, ಫೈಲ್ ಅಳಿಸಬೇಡಿ.

ಮಕ್ಕಳಿಗೂ ತೋರಿಸಬಹುದು

ಹಚ್ಚಿದ್ದು ಹಚ್ಚಿಯಾಯ್ತು, ಡೇವ್, ಪ್ರಿನ್ಸ್ ಆಫ್ ಪರ್ಷಿಯಾ ಆಡಿ ಬೆಳೆದವರು ಅದನ್ನೂ ಇದರಲ್ಲೇ ಆಡಬಹುದು. ಆಟಗಳಿಗೆ ಇವತ್ತಿಗೂ ಮಾಲೀಕರಿದ್ದಾರೆ ಅನ್ನೋದು ನೆನಪಿರಲಿ.

ಡಾಸ್ ಅಲ್ಲದ ಹಳೇ ಮನೆ ಕಂಪ್ಯೂಟರ್‌ಗಳಿಗೂ ಎಮ್ಯುಲೇಟರ್ ಇವೆ. 1984-85ರಲ್ಲಿ ಕೇಂದ್ರ ಸರ್ಕಾರ 'ಕ್ಲಾಸ್' ಅನ್ನೋ ಯೋಜನೆಯಲ್ಲಿ ಶಾಲೆಗಳಿಗೆ ಕೊಟ್ಟದ್ದು ಇಂಗ್ಲೆಂಡಿನ ಬಿಬಿಸಿ ಮೈಕ್ರೋ. ಮೆಮೊರಿ ಬರೀ 32 ಕೆಬಿ, ಇವತ್ತು ವಾಟ್ಸಾಪ್‌ನಲ್ಲಿ ಬರೋ ಒಂದು ಗುಡ್ ಮಾರ್ನಿಂಗ್ ಚಿತ್ರವೂ ಅದರಲ್ಲಿ ಹಿಡಿಸಲ್ಲ. ಅದಕ್ಕೆ ಬೀಬ್‌ಇಎಂ ಅಂತ ಎಮ್ಯುಲೇಟರ್ ಇದೆ, ಜೆಎಸ್‌ಬೀಬ್ ಆದರೆ ಏನೂ ಹಾಕಿಕೊಳ್ಳದೆ ಬ್ರೌಸರ್‌ನಲ್ಲೇ ತೆರೆಯುತ್ತೆ. ಟಿವಿಗೆ ಹಚ್ತಿದ್ದ ಸ್ಪೆಕ್ಟ್ರಮ್‌ಗೆ ಫ್ಯೂಸ್, ಕಮೊಡೋರ್ 64ಕ್ಕೆ ವೈಸ್. ಇಂಥವಕ್ಕೆ ರಾಮ್ ಫೈಲ್, ಅಂದ್ರೆ ಹಳೇ ಮಷೀನಿನ ಚಿಪ್‌ನೊಳಗಿನ ಪ್ರೋಗ್ರಾಮ್ ಬೇಕಾಗುತ್ತೆ. ಸ್ಪೆಕ್ಟ್ರಮ್‌ನದನ್ನ ಎಮ್ಯುಲೇಟರ್ ಜತೆ ಹಂಚೋಕೆ ಆಗ ಹಕ್ಕು ಇದ್ದ ಆ್ಯಮ್‌ಸ್ಟ್ರಾಡ್ ಕಂಪನಿಯೇ ಒಪ್ಪಿತ್ತು.

ಮತ್ತೆ ಅಂಗಡಿ ವಿಷಯಕ್ಕೆ. ಡಾಸ್‌ಬಾಕ್ಸ್‌ನಲ್ಲಿ ಹಳೇ ಪ್ರೋಗ್ರಾಮ್ ಓಡಿತು ಅಂತ ಹೊಸ ಬಿಲ್ ಅದರಲ್ಲೇ ಹೊಡೆಯೋಕೆ ಹೋಗಬೇಡಿ. ಅದಕ್ಕೆ ಜಿಎಸ್‌ಟಿ ಗೊತ್ತಿಲ್ಲ. ನೆಟ್‌ವರ್ಕ್‌ನಲ್ಲಿ ಇಬ್ಬರು ಒಂದೇ ಫೈಲ್ ತೆರೆದರೆ ಡೇಟಾ ಕೆಡಬಹುದು. ಹಳೇದು ಓದೋಕೆ ಮಾತ್ರ ಇರಲಿ.

ಎಲ್ಲಾ ಆಯ್ತು ಅನ್ನಿಸಿದ ಮೇಲೆ ಯಾವುದಾದರೂ ಒಂದು ವರ್ಷದ ಖಾತೆ ತೆರೆದು, ಮನೆಯಲ್ಲಿ ಉಳಿದಿರೋ ಕಾಗದದ ವಹಿ ಇಲ್ಲವೇ ಆಡಿಟರ್ ಕೊಟ್ಟಿದ್ದ ಹಳೇ ಬ್ಯಾಲೆನ್ಸ್ ಶೀಟ್ ಜತೆ ಮೊತ್ತ ತಾಳೆ ನೋಡಿ. ತಾಳೆಯಾದರೆ ಹಳೇ ಮಷೀನ್ ಗುಜರಿಗೆ ಕೊಡಬಹುದು, ಡಿಸ್ಕ್ ಮಾತ್ರ ತೆಗೆದಿಟ್ಟುಕೊಳ್ಳಿ. ಗಿರಾಕಿಗಳ ಹೆಸರು, ಬಾಕಿ ಎಲ್ಲಾ ಅದರಲ್ಲೇ ಇರುತ್ತೆ.