ಹಲ್ಲಿನ ಬಿಳುಪು ಮತ್ತು ಫಿಲ್ಲಿಂಗ್‌ನ ಹಿಡಿತ

ಆರೋಗ್ಯವಂತ ಹಲ್ಲು ಹಾಲಿನಷ್ಟು ಬೆಳ್ಳಗಿರಬೇಕೆಂಬುದು ಜನಸಾಮಾನ್ಯರಲ್ಲಿ ಬೇರೂರಿರುವ ಭಾವನೆ. ವಾಸ್ತವವಾಗಿ ಹಲ್ಲಿನ ಸಹಜ ವರ್ಣವು ಕಿಂಚಿತ್ ಹಳದಿ ಬೆರೆತದ್ದು. ಹೊರಗಿನ ಎನಾಮಲ್ ಕವಚವು ಅರೆಪಾರದರ್ಶಕವಾಗಿರುವುದರಿಂದ, ಅದರಡಿಯ ಡೆಂಟಿನ್ ಪದರದ ಹಳದಿ ಛಾಯೆ ಹೊರಗೆ ತೋರುತ್ತದೆ. ವಯಸ್ಸಾದಂತೆ ಕವಚ ಸವೆದು ಈ ಛಾಯೆ ಇನ್ನಷ್ಟು ಗಾಢವಾಗುತ್ತದೆ. ಚಹಾ, ಕಾಫಿ, ಎಲೆ ಅಡಿಕೆ, ತಂಬಾಕುಗಳ ಕಲೆಗಳು ಇದರ ಮೇಲೆ ಸೇರಿಕೊಳ್ಳುತ್ತವೆ.

ದಖ್ಖನ್ ಪ್ರಸ್ಥಭೂಮಿಯ ಜನರ ಮಟ್ಟಿಗೆ ಇನ್ನೊಂದು ಕಾರಣವೂ ಉಂಟು. ಹಲ್ಲುಗಳು ರೂಪುಗೊಳ್ಳುವ ಬಾಲ್ಯಕಾಲದಲ್ಲಿ ಫ್ಲೋರೈಡ್ ಅಧಿಕವಾಗಿರುವ ನೀರನ್ನು ಕುಡಿದವರ ಹಲ್ಲುಗಳ ಮೇಲೆ ಸುಣ್ಣದಂಥ ಮಚ್ಚೆಗಳಾಗಲಿ, ಕಂದು ಪಟ್ಟೆಗಳಾಗಲಿ ಮೂಡುತ್ತವೆ. ಇದಕ್ಕೆ ದಂತ ಫ್ಲೋರೋಸಿಸ್ ಎಂದು ಹೆಸರು. ನಲ್ಗೊಂಡ ಜಿಲ್ಲೆಯ ಫ್ಲೋರೋಸಿಸ್ ಕುರಿತ ವರದಿಯು 1955ರಲ್ಲಿಯೇ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಗಿತ್ತು. ಕರ್ನಾಟಕದ ಪಾವಗಡ, ಬಾಗೇಪಲ್ಲಿ, ಮುಂಡರಗಿ ತಾಲ್ಲೂಕುಗಳಲ್ಲಿಯೂ ರಾಯಚೂರು, ಕೊಪ್ಪಳ ಜಿಲ್ಲೆಗಳ ಅನೇಕ ಹಳ್ಳಿಗಳಲ್ಲಿಯೂ ಇದೇ ಸಮಸ್ಯೆಯಿದೆ. ಇಂಥ ಊರುಗಳಿಂದ ಉದ್ಯೋಗವನ್ನರಸಿ ಹೈದರಾಬಾದಿಗೆ ಬಂದು ಕೂಕಟ್‌ಪಲ್ಲಿಯಂಥ ಬಡಾವಣೆಗಳಲ್ಲಿ ನೆಲೆಸಿರುವ ತರುಣ ತರುಣಿಯರು, ಮದುವೆಗೋ ಕೆಲಸದ ಸಂದರ್ಶನಕ್ಕೋ ಮುನ್ನ ಹಲ್ಲನ್ನು ಬಿಳುಪುಗೊಳಿಸಿಕೊಳ್ಳಬಯಸುವುದು ಸಹಜವೇ ಆಗಿದೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಬಿಳುಪುಗೊಳಿಸುವುದು, ಮುಂದಿನ ಹಲ್ಲುಗಳ ಸಂದು ಮುಚ್ಚುವುದು, ಮುರಿದ ತುದಿಯನ್ನು ಕಟ್ಟುವುದು, ಇವೆಲ್ಲ ಒಂದೇ ವಾರದಲ್ಲಿ ಮುಗಿಯಬೇಕೆಂಬ ಆತುರ ಮಾತ್ರ ನಷ್ಟಕ್ಕೆ ದಾರಿಯಾಗಬಲ್ಲದು.

ಬಿಳುಪುಗೊಳಿಸುವ ಔಷಧಿಯಲ್ಲಿರುವುದು ಹೈಡ್ರೋಜನ್ ಪೆರಾಕ್ಸೈಡ್, ಇಲ್ಲವೇ ಅದನ್ನು ಮೆಲ್ಲನೆ ಬಿಡುಗಡೆ ಮಾಡುವ ಕಾರ್ಬಮೈಡ್ ಪೆರಾಕ್ಸೈಡ್. ಚಿಕಿತ್ಸಾಲಯದಲ್ಲಿ ಬಳಸುವ ದ್ರಾವಣ ಸಾಮಾನ್ಯವಾಗಿ ಶೇ. 25ರಿಂದ 40ರಷ್ಟು ಪ್ರಬಲವಾಗಿರುತ್ತದೆ. ಹಲ್ಲಿನ ಅಚ್ಚಿಗೆ ತಕ್ಕಂತೆ ತಯಾರಿಸಿದ ತಟ್ಟೆಯಲ್ಲಿ ಔಷಧಿಯನ್ನಿಟ್ಟು ರಾತ್ರಿ ಮನೆಯಲ್ಲಿಯೇ ಧರಿಸುವ ವಿಧಾನ 1989ರಿಂದ ಪ್ರಚಾರಕ್ಕೆ ಬಂದಿತು. ಅದಕ್ಕೆ ಶೇ. 10ರ ಕಾರ್ಬಮೈಡ್ ಪೆರಾಕ್ಸೈಡ್ ಸಾಕಾಗುತ್ತದೆ. ಅದು ಸುಮಾರು ಶೇ. 3.5ರ ಹೈಡ್ರೋಜನ್ ಪೆರಾಕ್ಸೈಡ್‌ಗೆ ಸಮ. ಈ ರಾಸಾಯನಿಕವು ಎನಾಮಲ್‌ನ ಸೂಕ್ಷ್ಮ ರಂಧ್ರಗಳ ಮೂಲಕ ಡೆಂಟಿನ್‌ವರೆಗೂ ಇಳಿದು, ಬಣ್ಣವುಳ್ಳ ದೊಡ್ಡ ಅಣುಗಳನ್ನು ಆಮ್ಲಜನಕದ ಸಹಾಯದಿಂದ ಒಡೆದು ಬಣ್ಣಗೆಡಿಸುತ್ತದೆ. ಅಂದರೆ ಹಲ್ಲಿನ ಮೇಲ್ಮೈಯಷ್ಟೇ ಅಲ್ಲ, ಅದರ ಒಳಭಾಗವೂ ಈ ಕ್ರಿಯೆಗೆ ಒಳಗಾಗುತ್ತದೆ. ಕೆಲವು ದಿನ ಹಲ್ಲು ಜುಮ್ಮೆನ್ನುವುದೂ ಇದೇ ಕಾರಣದಿಂದ.

ಹಲ್ಲಿನ ಬಣ್ಣದ ಫಿಲ್ಲಿಂಗ್ ಹಲ್ಲಿಗೆ ಅಂಟುವ ಬಗೆಯನ್ನು ಇಲ್ಲಿ ತಿಳಿಯುವುದು ಅವಶ್ಯಕ. ಹಳೆಯ ಬೆಳ್ಳಿಬಣ್ಣದ ಫಿಲ್ಲಿಂಗ್, ಕೊರೆದ ಕುಳಿಯ ಆಕಾರದ ಬಲದಿಂದ ನಿಲ್ಲುತ್ತಿತ್ತು. ಕಾಂಪೊಸಿಟ್ ಎಂಬ ಬಿಳಿಯ ಫಿಲ್ಲಿಂಗ್ ಹಾಗಲ್ಲ, ಅದು ಅಂಟಿನ ಬಲದಿಂದ ನಿಲ್ಲುವಂಥದು. 1955ರಲ್ಲಿ ಅಮೆರಿಕದ ಮೈಕೆಲ್ ಬ್ಯೂನೊಕೋರ್ ಎಂಬ ದಂತವಿಜ್ಞಾನಿ, ಎನಾಮಲ್‌ಗೆ ಫಾಸ್ಫಾರಿಕ್ ಆಮ್ಲವನ್ನು ಕ್ಷಣಕಾಲ ಸವರಿದರೆ ಅದರ ಮೇಲ್ಮೈ ತರಿತರಿಯಾಗಿ ರಾಳವನ್ನು ಬಿಗಿಯಾಗಿ ಹಿಡಿಯುತ್ತದೆಂದು ತೋರಿಸಿಕೊಟ್ಟರು. ನುಣುಪಾದ ಗೋಡೆಗೆ ಗಾರೆ ಹಿಡಿಯಲೆಂದು ಮೇಸ್ತ್ರಿ ಕಚ್ಚು ಹಾಕುವುದಕ್ಕೆ ಇದನ್ನು ಹೋಲಿಸಬಹುದು. ಆಮ್ಲ ಕೊರೆದ ರಂಧ್ರಗಳೊಳಗೆ ದ್ರವರೂಪದ ರಾಳ ಇಳಿಯುತ್ತದೆ. ನೀಲಿ ಬೆಳಕು ಬಿದ್ದೊಡನೆ ರಾಳದ ಅಣುಗಳು ಒಂದಕ್ಕೊಂದು ಸರಪಳಿಯಂತೆ ಹೆಣೆದುಕೊಂಡು ಗಟ್ಟಿಯಾಗುತ್ತವೆ. ಹೀಗೆ ಉಂಟಾದ ಸಾವಿರಾರು ಸೂಕ್ಷ್ಮ ಬೇರುಗಳೇ ಫಿಲ್ಲಿಂಗ್‌ನ ಆಧಾರ.

ತೊಡಕು ಇರುವುದು ಈ ಸರಪಳಿಯಲ್ಲಿ. ಆಮ್ಲಜನಕವು ರಾಳ ಗಟ್ಟಿಯಾಗುವ ಕ್ರಿಯೆಗೆ ಪರಮ ವೈರಿ. ಹೆಣೆದುಕೊಳ್ಳಲು ಹೊರಟ ಅಣುವಿಗೆ ತಾನೇ ಅಂಟಿಕೊಂಡು ಸರಪಳಿಯನ್ನು ಅರ್ಧದಲ್ಲಿ ನಿಲ್ಲಿಸುತ್ತದೆ. ಬಿಳುಪುಗೊಳಿಸಿದ ಹಲ್ಲಿನೊಳಗೆ ಪೆರಾಕ್ಸೈಡ್ ಹಾಗೂ ಆಮ್ಲಜನಕದ ಅಂಶ ಹಲವು ದಿನ ಉಳಿದಿರುತ್ತದೆ. ಅಂಥ ಹಲ್ಲಿಗೆ ಕೂಡಲೇ ಫಿಲ್ಲಿಂಗ್ ಅಂಟಿಸಿದರೆ ಬೇರುಗಳು ವಿರಳವಾಗಿ, ಗಿಡ್ಡವಾಗಿ, ಟೊಳ್ಳಾಗಿ ಬೆಳೆಯುತ್ತವೆ. 1988ರಲ್ಲಿ ಕೆನಡಾದ ಸಂಶೋಧಕರು ದನದ ಹಲ್ಲುಗಳ ಮೇಲೆ ನಡೆಸಿದ ಪರೀಕ್ಷೆಯಲ್ಲಿ, ಬಿಳುಪುಗೊಳಿಸಿದ ಎನಾಮಲ್‌ಗೆ ರಾಳದ ಹಿಡಿತ ಗಣನೀಯವಾಗಿ ಕುಗ್ಗಿದ್ದು ಕಂಡುಬಂದಿತು. ಅನಂತರದ ಅನೇಕ ಅಧ್ಯಯನಗಳು ಇದನ್ನು ಸಮರ್ಥಿಸಿವೆ. ರೋಗಿಗೆ ಮೊದಲ ದಿನ ಇದಾವುದೂ ತಿಳಿಯುವುದಿಲ್ಲ, ಏಕೆಂದರೆ ಕನ್ನಡಿಯಲ್ಲಿ ಫಿಲ್ಲಿಂಗ್ ಅಂದವಾಗಿಯೇ ಕಾಣುತ್ತದೆ. ಕಾಲಾನಂತರದಲ್ಲಿ ಅದರ ಅಂಚು ಕಂದಾಗಬಹುದು, ಸಂದಿನಲ್ಲಿ ಜೊಲ್ಲು ಇಳಿದು ಒಳಗೇ ಹುಳುಕು ಹತ್ತಬಹುದು, ಇಲ್ಲವೇ ರೊಟ್ಟಿಯ ತುಣುಕು ಕಡಿಯುವಾಗ ಫಿಲ್ಲಿಂಗೇ ಕೈಗೆ ಬರಬಹುದು. ಹಲ್ಲಿನ ತಂತಿ ಚಿಕಿತ್ಸೆಗಾಗಿ ಅಂಟಿಸುವ ಬ್ರ್ಯಾಕೆಟ್‌ಗಳಿಗೂ ಈ ಮಾತು ಅನ್ವಯಿಸುತ್ತದೆ.

ಪರಿಹಾರ ಸರಳವಾದುದು, ಖರ್ಚಿಲ್ಲದ್ದು: ಕಾಯುವುದು. ಜೊಲ್ಲಿನ ಸಂಪರ್ಕದಲ್ಲಿ ಹಲ್ಲು ಉಳಿಕೆಯ ಆಮ್ಲಜನಕವನ್ನು ತಾನಾಗಿಯೇ ಹೊರಹಾಕುತ್ತದೆ. ಬಿಳುಪುಗೊಳಿಸಿದ ತರುವಾಯ ಒಂದರಿಂದ ಎರಡು ವಾರ, ಕೆಲವು ಸಂದರ್ಭಗಳಲ್ಲಿ ಮೂರು ವಾರಗಳ ಅಂತರ ಕೊಡುವುದು ದಂತವೈದ್ಯರಲ್ಲಿ ರೂಢಿಯಲ್ಲಿದೆ. ಈ ಅಂತರದಿಂದ ಮತ್ತೊಂದು ಲಾಭವೂ ಉಂಟು. ಚಿಕಿತ್ಸೆ ಮುಗಿದ ದಿನದ ಬಿಳುಪು ಸ್ಥಿರವಲ್ಲ, ಕೆಲವು ದಿನಗಳಲ್ಲಿ ಅದು ಸ್ವಲ್ಪ ಇಳಿದು ನಿಲ್ಲುತ್ತದೆ. ಅದಕ್ಕೆ ಮೊದಲೇ ಬಣ್ಣ ಹೊಂದಿಸಿ ಫಿಲ್ಲಿಂಗ್ ಮಾಡಿದಲ್ಲಿ ಫಿಲ್ಲಿಂಗ್ ಒಂದು ಬಣ್ಣ, ಹಲ್ಲು ಇನ್ನೊಂದು ಬಣ್ಣವಾಗಿ ಉಳಿಯುತ್ತದೆ.

ಕಾಯಲು ವ್ಯವಧಾನವಿಲ್ಲದಾಗ ಶೇ. 10ರ ಸೋಡಿಯಂ ಆಸ್ಕಾರ್ಬೇಟನ್ನು ಹಲ್ಲಿಗೆ ಲೇಪಿಸಿ ಹಿಡಿತವನ್ನು ಮರಳಿ ಪಡೆಯಬಹುದೆಂದು ಪ್ರಯೋಗಗಳು ತಿಳಿಸುತ್ತವೆ. ಇದು ಸಿ ಜೀವಸತ್ವದ ಲವಣ. ದ್ರಾಕ್ಷಿ ಬೀಜದ ಸತ್ವವೂ ಇಂಥದೇ ಗುಣವುಳ್ಳದ್ದೆಂದು ಚೆನ್ನೈನ ಸಂಶೋಧಕರು 2011ರಲ್ಲಿ ವರದಿ ಮಾಡಿದ್ದಾರೆ. ಇವೆಲ್ಲ ಬಹುಮಟ್ಟಿಗೆ ಕಿತ್ತ ಹಲ್ಲುಗಳ ಮೇಲೆ ಪ್ರಯೋಗಾಲಯದಲ್ಲಿ ಕಂಡ ಫಲಗಳಾದ್ದರಿಂದ ಎರಡು ವಾರಗಳ ತಾಳ್ಮೆಯೇ ಹೆಚ್ಚು ಭರವಸೆಯದು. ಸಿ ಜೀವಸತ್ವವೆಂದೊಡನೆ ಮನೆಯಲ್ಲಿ ನಿಂಬೆಹಣ್ಣನ್ನು ಹಲ್ಲಿಗೆ ಉಜ್ಜತೊಡಗುವುದು ಸಲ್ಲದು. ನಿಂಬೆಯ ಆಮ್ಲ ಎನಾಮಲ್ ಅನ್ನೇ ಕರಗಿಸುತ್ತದೆ.

ಹಾಗಾದರೆ ಹುಳುಕು ಹಲ್ಲುಳ್ಳವರು ಏನು ಮಾಡಬೇಕು? ತೆರೆದ ಕುಳಿಯನ್ನು ಹಾಗೆಯೇ ಬಿಟ್ಟು ಪೆರಾಕ್ಸೈಡ್ ಹಚ್ಚುವಂತಿಲ್ಲ. ಮೊದಲು ಅದನ್ನು ತಾತ್ಕಾಲಿಕ ಸಿಮೆಂಟಿನಿಂದ ಮುಚ್ಚಿಸಿ, ಬಿಳುಪುಗೊಳಿಸಿ, ಅಂತರ ಕಳೆದ ಮೇಲೆ ಶಾಶ್ವತ ಫಿಲ್ಲಿಂಗ್ ಮಾಡಿಸುವುದು ಸರಿಯಾದ ಕ್ರಮ. ಹಳೆಯ ಫಿಲ್ಲಿಂಗ್ ಮತ್ತು ಕ್ಯಾಪ್‌ಗಳು ಈ ಔಷಧಿಯಿಂದ ಬೆಳ್ಳಗಾಗುವುದಿಲ್ಲವೆಂಬುದನ್ನೂ ಗಮನದಲ್ಲಿಡಬೇಕು. ಮುಂದಿನ ಹಲ್ಲಿನಲ್ಲಿ ಅವು ಎದ್ದು ಕಂಡಲ್ಲಿ ಬದಲಿಸುವ ಖರ್ಚು ಬೇರೆ. ಫ್ಲೋರೋಸಿಸ್ ಇರುವವರು ಇನ್ನೂ ಎಚ್ಚರ ವಹಿಸುವುದು ಒಳಿತು. ಅವರ ಎನಾಮಲ್‌ನ ಹೊರಪದರ ಆಮ್ಲಕ್ಕೆ ಸುಲಭವಾಗಿ ಬಗ್ಗುವುದಿಲ್ಲವಾದ್ದರಿಂದ ಅಂಟಿನ ಹಿಡಿತ ಮೊದಲೇ ಕಷ್ಟಸಾಧ್ಯ. ಅದರ ಮೇಲೆ ಬಿಳುಪಿನ ಆತುರವೂ ಕೂಡಿದರೆ ತೊಂದರೆ ಇಮ್ಮಡಿಯಾಗುತ್ತದೆ.

ಮದುವೆಯ ಮುಹೂರ್ತ ನಿಶ್ಚಯವಾದವರು ದಿನಗಳನ್ನು ಹಿಂದುಮುಂದಾಗಿ ಎಣಿಸುವುದು ಲೇಸು. ಮನೆಯಲ್ಲಿ ತಟ್ಟೆ ಧರಿಸುವ ವಿಧಾನಕ್ಕೆ ಎರಡರಿಂದ ನಾಲ್ಕು ವಾರ, ಬಳಿಕ ಎರಡು ವಾರ ಬಿಡುವು, ಅನಂತರ ಫಿಲ್ಲಿಂಗ್. ಅಂತೂ ಎರಡು ತಿಂಗಳು ಮುಂಚಿತವಾಗಿ ನೋಂದಾಯಿತ ದಂತವೈದ್ಯರನ್ನು ಕಾಣುವುದು ಯುಕ್ತ. ಅಂಗಡಿಯಿಂದ ತಂದ ಬಿಳುಪಿನ ಪಟ್ಟಿಯನ್ನೋ ಜೆಲ್ಲನ್ನೋ ಈಚೆಗೆ ಬಳಸಿದ್ದರೆ, ಕೊನೆಯ ಬಾರಿ ಬಳಸಿದ ದಿನಾಂಕವನ್ನು ವೈದ್ಯರು ಕೇಳದಿದ್ದರೂ ಫಿಲ್ಲಿಂಗ್‌ಗೆ ಮುನ್ನ ತಾವಾಗಿಯೇ ತಿಳಿಸತಕ್ಕದ್ದು.